ವೈಯಕ್ತಿಕ ಡಿಜಿಟಲ್ ಸಂಗ್ರಹ ಮತ್ತು ಡೇಟಾಬೇಸ್ ಜಾಲತಾಣ

ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬ ಕೂಡಿಟ್ಟ ಛಾಯಾಚಿತ್ರ, ಧ್ವನಿಮುದ್ರಣ, ವಿಡಿಯೊ, ಸ್ಕ್ಯಾನ್ ಮಾಡಿದ ಪತ್ರ, ಇ-ಪುಸ್ತಕ, ಟಿಪ್ಪಣಿ ಮುಂತಾದವುಗಳ ವಿವರಗಳನ್ನು ಡೇಟಾಬೇಸಿನಲ್ಲಿ ದಾಖಲಿಸಿ, ಬೇಕಾದದ್ದನ್ನು ಬ್ರೌಸರಿನಲ್ಲಿ ಹುಡುಕಿ ತೆರೆಯುವಂತೆ ಅಣಿಗೊಳಿಸುವ ಪದ್ಧತಿ ಇದು. ಫೈಲುಗಳು ಡಿಸ್ಕಿನಲ್ಲಿ ಇರುತ್ತವೆ. ಅವು ಏನು, ಯಾರವು, ಯಾವ ಕಾಲದವು ಎಂಬ ವಿವರ ಡೇಟಾಬೇಸಿನಲ್ಲಿ ಇರುತ್ತದೆ. ಯಾರಾದರೂ ಕೇಳಿದಾಗ ಸರ್ವರ್ ಆ ವಿವರಗಳನ್ನು ಹೆಕ್ಕಿ ಪುಟವನ್ನು ಆ ಕ್ಷಣದಲ್ಲಿ ಕಟ್ಟಿಕೊಡುತ್ತದೆ. ಹತ್ತು ಸಾವಿರ ವಸ್ತುಗಳಿಗೆ ಹತ್ತು ಸಾವಿರ ಪುಟಗಳನ್ನು ಯಾರೂ ಬರೆಯಬೇಕಾಗಿಲ್ಲ. ಪುಟದ ಮಾದರಿ ಒಂದಿದ್ದರೆ ಸಾಕು.

ಕೆಲವು ನೂರು ಫೈಲುಗಳಿಗೆ ಈ ಏರ್ಪಾಡು ಬೇಡ. ಅಷ್ಟಕ್ಕೆ ಒಳ್ಳೆಯ ಹೆಸರಿನ ಫೋಲ್ಡರುಗಳೇ ಸಾಕು. ಸಂಗ್ರಹ ಬೆಳೆದ ಮೇಲೆ ಫೋಲ್ಡರಿನ ಮೂಲ ದೋಷ ಕಾಣತೊಡಗುತ್ತದೆ: ಒಂದು ಫೈಲು ಒಂದು ಫೋಲ್ಡರಿನಲ್ಲಿ ಮಾತ್ರ ಇರಬಲ್ಲದು. ಶಿರಸಿಯಲ್ಲಿ ನಡೆದ ಮದುವೆಯೊಂದರಲ್ಲಿ ತೆಗೆದ ಅಜ್ಜಿಯ ಫೋಟೊ 'ಅಜ್ಜಿ'ಯಲ್ಲಿ ಇರಬೇಕೆ, 'ಶಿರಸಿ'ಯಲ್ಲೆ, 'ಮದುವೆಗಳು' ಎಂಬಲ್ಲೆ? ಮೂರರಲ್ಲೂ ನಕಲು ಇಟ್ಟರೆ ಮುಂದೆ ಯಾವುದು ತಿದ್ದಿದ ಪ್ರತಿ, ಯಾವುದು ಹಳೆಯದು ಎಂಬುದೇ ತಿಳಿಯದು. ಡೇಟಾಬೇಸಿನಲ್ಲಿ ಫೈಲು ಒಂದೇ, ಅದಕ್ಕೆ ದಾರಿಗಳು ಹಲವು.

ಹಿನ್ನೆಲೆ

ಈ ಯೋಚನೆ ಕಂಪ್ಯೂಟರಿಗಿಂತ ಹಳೆಯದು. 1895ರಲ್ಲಿ ಬ್ರಸೆಲ್ಸ್‌ನಲ್ಲಿ ಪಾಲ್ ಓಟ್ಲೆ ಮತ್ತು ಆನ್ರಿ ಲಾ ಫೊಂಟೇನ್ ಜಗತ್ತಿನ ಎಲ್ಲ ಪ್ರಕಟಣೆಗಳ ಸೂಚಿಯನ್ನು ಚೀಟಿಗಳಲ್ಲಿ ಕಟ್ಟತೊಡಗಿದರು. ಚೀಟಿಗಳ ಸಂಖ್ಯೆ ಕೋಟಿ ದಾಟಿತು. ಅಂಚೆಯಲ್ಲಿ ಪ್ರಶ್ನೆ ಕಳಿಸಿದವರಿಗೆ ಶುಲ್ಕ ಪಡೆದು ಉತ್ತರ ಕೊಡುವ ಸೇವೆಯೂ ಅಲ್ಲಿತ್ತು. ಅಮೆರಿಕದ ವನೇವರ್ ಬುಷ್ 1945ರ ಜುಲೈಯಲ್ಲಿ 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯಲ್ಲಿ ಮೆಮೆಕ್ಸ್ ಎಂಬ ಯಂತ್ರವನ್ನು ಕಲ್ಪಿಸಿದರು. ಮೇಜಿನಷ್ಟು ದೊಡ್ಡದಾದ ಅದರೊಳಗೆ ಒಬ್ಬನ ಪುಸ್ತಕ, ಪತ್ರ, ದಾಖಲೆಗಳೆಲ್ಲ ಮೈಕ್ರೊಫಿಲ್ಮಿನಲ್ಲಿ ಇರಬೇಕು. ಒಂದರಿಂದ ಇನ್ನೊಂದಕ್ಕೆ ಜಾಡು ಹಾಕಿಕೊಳ್ಳುವಂತಿರಬೇಕು. ಮೆಮೆಕ್ಸನ್ನು ಯಾರೂ ತಯಾರಿಸಲಿಲ್ಲ, ಆದರೆ ಮುಂದಿನ ಹಲವು ಪ್ರಯತ್ನಗಳು ಅದರ ಹೆಸರು ಹೇಳಿಯೇ ಹೊರಟವು.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಅವರ ಚೀಟಿಪೆಟ್ಟಿಗೆ ಇನ್ನೂ ಹತ್ತಿರದ ಉದಾಹರಣೆ. ಸುಮಾರು 90,000 ಚೀಟಿಗಳನ್ನು ಬರೆದಿಟ್ಟ ಅವರು ವಿಷಯಗಳನ್ನು ಕಟ್ಟುನಿಟ್ಟಾಗಿ ವಿಂಗಡಿಸುವ ಗೋಜಿಗೆ ಹೋಗಲಿಲ್ಲ. ಪ್ರತಿ ಚೀಟಿಗೂ ಒಂದು ಸ್ಥಿರ ಸಂಖ್ಯೆ ಕೊಟ್ಟು, ಚೀಟಿಯಿಂದ ಚೀಟಿಗೆ ಆ ಸಂಖ್ಯೆಗಳ ಮೂಲಕವೇ ಸಂಬಂಧ ಕಲ್ಪಿಸಿದರು. ಅವರ ನಂತರ ಬೀಲೆಫೆಲ್ಡ್ ವಿಶ್ವವಿದ್ಯಾಲಯ ಆ ಪೆಟ್ಟಿಗೆಗಳನ್ನು ಪಡೆದುಕೊಂಡು, ಚೀಟಿಗಳನ್ನು ಸ್ಕ್ಯಾನ್ ಮಾಡಿ, ಕೊಂಡಿಗಳ ಸಮೇತ 2019ರಿಂದ ಜಾಲದಲ್ಲಿ ತೆರೆದಿಡುತ್ತಿದೆ. ಕಾಗದದ ಮೇಲಿನ ಸಂಖ್ಯೆಗಳು ಡೇಟಾಬೇಸಿಗೆ ಅಷ್ಟು ಸಲೀಸಾಗಿ ಹೊಂದಿಕೊಂಡದ್ದು ಆಕಸ್ಮಿಕವಲ್ಲ. ಗುರುತಿನ ಸಂಖ್ಯೆಗೆ ಅರ್ಥದ ಹೊರೆ ಹೊರಿಸದಿರುವುದೇ ಡೇಟಾಬೇಸಿನ ಮೊದಲ ಪಾಠ.

ಡೇಟಾಬೇಸಿಗೆ ಗಣಿತದ ರೂಪ ಕೊಟ್ಟವರು ಐಬಿಎಂನ ಎಡ್ಗರ್ ಕಾಡ್. 1970ರ ತಮ್ಮ ಪ್ರಬಂಧದಲ್ಲಿ ಅವರು ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟು ಸಂಬಂಧಗಳ ಮೂಲಕ ಜೋಡಿಸುವ ಮಾದರಿಯನ್ನು ಮುಂದಿಟ್ಟರು. ಮಾಹಿತಿ ಡಿಸ್ಕಿನ ಮೇಲೆ ಹೇಗೆ ಕೂತಿದೆ ಎಂಬುದು ಬಳಸುವವರಿಗೆ ತಿಳಿದಿರಬೇಕಾಗಿಲ್ಲ ಎಂಬುದು ಅದರ ತಿರುಳು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ರೂಪಿಸಿದ ಪ್ರಶ್ನಭಾಷೆ ಇಂದಿನ ಎಸ್‌ಕ್ಯೂಎಲ್ ಆಯಿತು. ಮನೆಯ ಸಂಗ್ರಾಹಕರ ಕೈಗೆ ಇದು ಸಿಕ್ಕಿದ್ದು ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಂದ 1995ರ ನಂತರ. 2000ದಲ್ಲಿ ರಿಚರ್ಡ್ ಹಿಪ್ ಬಿಡುಗಡೆ ಮಾಡಿದ ಎಸ್‌ಕ್ಯೂಲೈಟ್ ಇಡೀ ಡೇಟಾಬೇಸನ್ನು ಒಂದೇ ಫೈಲಿನೊಳಗೆ ಇಡುವಂತೆ ಮಾಡಿತು. ಒಬ್ಬರ ಸಂಗ್ರಹಕ್ಕೆ ಅದು ಧಾರಾಳವಾಗಿ ಸಾಕು.

ಒಂದೇ ವಸ್ತುವನ್ನು ಹಲವು ಮುಖಗಳಿಂದ ನೋಡಬೇಕೆಂಬ ವಿಚಾರಕ್ಕೆ ಭಾರತದ ಕೊಡುಗೆ ದೊಡ್ಡದು. ಎಸ್.ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಪುಸ್ತಕವನ್ನು ಒಂದೇ ಖಾನೆಗೆ ತಳ್ಳುವುದಿಲ್ಲ. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲಮುಖಗಳಿಂದ ಅದು ವಿಷಯವನ್ನು ಬಿಡಿಸಿ ನೋಡುತ್ತದೆ. ಇವತ್ತು ಯಾವುದೇ ಮಾರಾಟ ತಾಣದ ಎಡಬದಿಯಲ್ಲಿ ಬೆಲೆ, ಬಣ್ಣ, ಅಳತೆ ಎಂದು ಆಯ್ದುಕೊಳ್ಳಲು ಕೊಡುವ ಸೋಸುಪಟ್ಟಿಗಳು ಇದೇ ಯೋಚನೆಯ ದಾಯಾದಿಗಳು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅವರು ಅಲ್ಲಿ ಆರಂಭಿಸಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ಗ್ರಂಥಾಲಯ ವಿಜ್ಞಾನ ಕಲಿಸುತ್ತಿದೆ.

ಗಾರ್ಡನ್ ಬೆಲ್ ಅವರ ಪ್ರಯೋಗ

ಈ ಕ್ಷೇತ್ರದ ಅತಿ ಪ್ರಸಿದ್ಧ ಪ್ರಯೋಗದ ಬೀಜ ಒಂದು ಕೋರಿಕೆಯಲ್ಲಿತ್ತು. ಹತ್ತು ಲಕ್ಷ ಪುಸ್ತಕಗಳನ್ನು ಡಿಜಿಟಲ್ ರೂಪಕ್ಕೆ ತರುವ ಯೋಜನೆಯಲ್ಲಿದ್ದ ರಾಜ್ ರೆಡ್ಡಿ 1998ರಲ್ಲಿ ಗಾರ್ಡನ್ ಬೆಲ್ ಅವರ ಪುಸ್ತಕಗಳನ್ನು ಸ್ಕ್ಯಾನ್ ಮಾಡಲು ಅನುಮತಿ ಕೇಳಿದರು. (ಅದೇ ಯೋಜನೆಯ ಭಾರತದ ಭಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೂಲಕ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಆಯಿತು; ಅಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳ ಪ್ರತಿಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ.) ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿ ಪಿಡಿಪಿ ಮತ್ತು ವ್ಯಾಕ್ಸ್ ಗಣಕಗಳ ಹಿಂದಿದ್ದ ಬೆಲ್ ಆಗ ಮೈಕ್ರೊಸಾಫ್ಟ್ ಸಂಶೋಧನಾ ವಿಭಾಗದಲ್ಲಿದ್ದರು. ಪುಸ್ತಕ ಮಾತ್ರ ಏಕೆ, ಎಲ್ಲವನ್ನೂ ಸ್ಕ್ಯಾನ್ ಮಾಡಿದರೇನು ಎಂದುಕೊಂಡ ಅವರು ಪತ್ರ, ಫೋಟೊ, ಲೇಖನ, ಕಾಗದಪತ್ರಗಳನ್ನೆಲ್ಲ ಸಹಾಯಕರಿಂದ ಸ್ಕ್ಯಾನ್ ಮಾಡಿಸಿದರು.

ಒಂದೆರಡು ವರ್ಷಗಳಲ್ಲಿ ಫೋಲ್ಡರುಗಳ ಕಾಡು ಬೆಳೆದು, ಇಟ್ಟದ್ದು ಸಿಗದಂತಾಯಿತು. ಆಗ ಬೆಲ್ ಅವರ ಸಹೋದ್ಯೋಗಿಗಳಾದ ಜಿಮ್ ಗೆಮೆಲ್ ಮತ್ತು ರೋಜರ್ ಲೂಡರ್ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸಿನ ಮೇಲೆ ಮೈಲೈಫ್‌ಬಿಟ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. 2002ರಲ್ಲಿ ಪ್ರಕಟವಾದ ಅವರ ಪ್ರಬಂಧದ ಎರಡು ಮಾತುಗಳು ಇಂದಿಗೂ ಸವೆದಿಲ್ಲ. ವಸ್ತುಗಳನ್ನು ಕಟ್ಟುನಿಟ್ಟಾದ ಮೇಲು-ಕೆಳಗಿನ ಶ್ರೇಣಿಯಲ್ಲಿ ಬಂಧಿಸಬಾರದು, ಒಂದೇ ವಸ್ತು ಎಷ್ಟು ಗುಂಪುಗಳಲ್ಲಾದರೂ ಸೇರುವಂತಿರಬೇಕು ಎಂಬುದು ಒಂದು. ಅಕ್ಷರರೂಪದಲ್ಲಿಲ್ಲದ ವಸ್ತುವಿಗೆ ಮನುಷ್ಯ ಬರೆದ ಟಿಪ್ಪಣಿಯೇ ಜೀವ, ಟಿಪ್ಪಣಿಯಿಲ್ಲದ ಫೋಟೊ ಕಾಲಕ್ರಮದಲ್ಲಿ ಯಾರದೋ ಫೋಟೊ ಆಗುತ್ತದೆ ಎಂಬ ಅರಿವು ಇನ್ನೊಂದು. 2007ರ ಹೊತ್ತಿಗೆ ಆ ಸಂಗ್ರಹದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ದಾಖಲೆಗಳಿದ್ದವು, ಒಟ್ಟು ಗಾತ್ರ ಸುಮಾರು 150 ಗಿಗಾಬೈಟ್. ಇವತ್ತಿನ ಫೋನೊಂದು ಅದನ್ನು ಹೊರಬಲ್ಲದು. ಜಾಗದ ಸಮಸ್ಯೆ ತನ್ನಿಂದ ತಾನೇ ಬಗೆಹರಿಯಿತು. ಟಿಪ್ಪಣಿ ಬರೆಯುವ ಶ್ರಮದ ಸಮಸ್ಯೆ ಹಾಗೆಯೇ ಉಳಿಯಿತು. ಕುತ್ತಿಗೆಗೆ ತೂಗುಹಾಕಿಕೊಂಡು ತಾನಾಗಿಯೇ ಚಿತ್ರ ತೆಗೆಯುತ್ತಿದ್ದ ಸೆನ್ಸ್‌ಕ್ಯಾಮ್ ಎಂಬ ಕ್ಯಾಮೆರಾವನ್ನೂ ಬೆಲ್ ಬಳಸಿದರು. ಎಲ್ಲವನ್ನೂ ದಾಖಲಿಸುವ ಅಭ್ಯಾಸವನ್ನು ಕೊನೆಗೆ ಅವರೇ ಕೈಬಿಟ್ಟರು. 2024ರಲ್ಲಿ ತೀರಿಕೊಂಡರು.

ರಚನೆ

ಕೋಷ್ಟಕಗಳನ್ನು ಹೇಗೆ ಕಟ್ಟಬೇಕೆಂಬುದು ಸಂಗ್ರಹದ ಸ್ವಭಾವವನ್ನು ಅವಲಂಬಿಸುತ್ತದೆ. ಕರಾವಳಿಯ ಎಷ್ಟೋ ಮನೆಗಳಲ್ಲಿರುವ ಯಕ್ಷಗಾನದ ಕ್ಯಾಸೆಟ್ ಸಂಗ್ರಹವನ್ನು ನೋಡಬಹುದು. ಇಡೀ ರಾತ್ರಿಯ ಬಯಲಾಟವೊಂದು 90 ನಿಮಿಷದ ಐದಾರು ಕ್ಯಾಸೆಟ್ಟುಗಳಲ್ಲಿ ಹರಡಿರುತ್ತದೆ. ಡಿಜಿಟಲ್ ರೂಪಕ್ಕೆ ತಂದಾಗ ಪ್ರತಿ ಬದಿಗೂ ಒಂದು ಮೂಲ ಫೈಲು, ಕೇಳುವುದಕ್ಕೆಂದು ಒಂದು ಚಿಕ್ಕ ಎಂಪಿ3 ಹುಟ್ಟುತ್ತವೆ. ಹೊಸಬರು ಸಾಮಾನ್ಯವಾಗಿ ಒಂದೇ ಕೋಷ್ಟಕ ಮಾಡಿ, ಫೈಲಿಗೊಂದು ಸಾಲು ಕೊಟ್ಟು, ಪ್ರಸಂಗ, ಭಾಗವತರು, ಮೇಳ, ಊರು, ತಾರೀಕು ಎಂದು ಪ್ರತಿ ಸಾಲಿನಲ್ಲೂ ಬರೆಯುತ್ತ ಹೋಗುತ್ತಾರೆ. ಆ ರಾತ್ರಿಯ ಭಾಗವತರು ಇಬ್ಬರು ಎಂದು ಗೊತ್ತಾದ ದಿನ ಅದು ಕುಸಿಯುತ್ತದೆ.

ಇಲ್ಲಿ ಬೇರೆಬೇರೆಯಾಗಿ ನಿಲ್ಲಬೇಕಾದ ಸಂಗತಿಗಳು ನಾಲ್ಕಾರು ಇವೆ. 'ಗದಾಪರ್ವ' ಒಂದು ಕೃತಿ. ಒಂದು ನಿರ್ದಿಷ್ಟ ರಾತ್ರಿ ನಡೆದ ಗದಾಪರ್ವ ಒಂದು ಪ್ರದರ್ಶನ. ಅದನ್ನು ಹಿಡಿದಿಟ್ಟ ಕ್ಯಾಸೆಟ್ ಒಂದು ವಸ್ತು, ಅದರಿಂದ ಬಂದದ್ದು ಫೈಲು. ಅಂತಾರಾಷ್ಟ್ರೀಯ ಗ್ರಂಥಾಲಯ ಒಕ್ಕೂಟ 1998ರಲ್ಲಿ ಕೃತಿ, ಅಭಿವ್ಯಕ್ತಿ, ಮೂರ್ತರೂಪ, ಪ್ರತಿ ಎಂದು ಮಾಡಿದ ವಿಂಗಡಣೆಯ ಮನೆಬಳಕೆಯ ರೂಪ ಇದು. ವ್ಯಕ್ತಿಗಳಿಗೆ ಇನ್ನೊಂದು ಕೋಷ್ಟಕ ಬೇಕು. ವ್ಯಕ್ತಿಗೂ ಪ್ರದರ್ಶನಕ್ಕೂ ನಡುವೆ ಕೊಂಡಿಯ ಕೋಷ್ಟಕವೊಂದು ನಿಲ್ಲುತ್ತದೆ: ಯಾರು, ಯಾವ ಪ್ರದರ್ಶನದಲ್ಲಿ, ಏನಾಗಿ. ಭಾಗವತಿಕೆ, ಮದ್ದಳೆ, ಚೆಂಡೆ, ವೇಷ ಎಲ್ಲವೂ 'ಏನಾಗಿ' ಎಂಬ ಖಾನೆಯಲ್ಲಿ ಬರುತ್ತವೆ. ತಾಳಮದ್ದಳೆಯಾದರೆ ಅರ್ಥಧಾರಿಯ ಹೆಸರಿನ ಜೊತೆ ಪಾತ್ರವೂ ಸೇರುತ್ತದೆ. ಇಷ್ಟಾದ ಮೇಲೆ ಈ ಭಾಗವತರು ಹಾಡಿದ ಎಲ್ಲ ಗದಾಪರ್ವಗಳು, ಕುಂದಾಪುರದ ಸುತ್ತ 1980ರಿಂದ 1990ರವರೆಗೆ ಮುದ್ರಣವಾದವು ಎಂಬಂಥ ಪ್ರಶ್ನೆಗಳಿಗೆ ಪುಟ ತಾನಾಗಿ ಮೂಡುತ್ತದೆ.

ಹೆಸರುಗಳ ಏಕರೂಪ ಇನ್ನೊಂದು ತೊಡಕು. ಬಡಗುತಿಟ್ಟಿನ ಪ್ರಸಿದ್ಧ ಭಾಗವತರೊಬ್ಬರ ಹೆಸರು ಕ್ಯಾಸೆಟ್ ಹೊದಿಕೆಗಳಲ್ಲಿ, ಬರಹಗಳಲ್ಲಿ ಕಾಳಿಂಗ ನಾವಡ, ಕಾಳಿಂಗ ನಾವುಡ, ಜಿ.ಆರ್. ಕಾಳಿಂಗ ನಾವಡ ಎಂದೆಲ್ಲ ಸಿಗುತ್ತದೆ. ಪುಸ್ತಕಗಳಲ್ಲಿ ಬೇಂದ್ರೆಯವರು ಅಂಬಿಕಾತನಯದತ್ತರೂ ಹೌದು, ಕುವೆಂಪು ಕೆ.ವಿ. ಪುಟ್ಟಪ್ಪನವರೂ ಹೌದು. ಇನಿಷಿಯಲ್ಲುಗಳ ನಡುವೆ ಚುಕ್ಕಿ, ಖಾಲಿಜಾಗ ಇದ್ದರೂ ಇಲ್ಲದಿದ್ದರೂ ಕಂಪ್ಯೂಟರಿಗೆ ಅವರು ಬೇರೆಬೇರೆ ಮನುಷ್ಯರು. ಗ್ರಂಥಪಾಲಕರ ಹಳೆಯ ಉಪಾಯವೇ ಇಲ್ಲಿಯೂ ಮದ್ದು: ವ್ಯಕ್ತಿಗೆ ಒಂದು ಸಂಖ್ಯೆ, ಒಂದು ಅಂಗೀಕೃತ ಹೆಸರು, ಉಳಿದವು ಉಪನಾಮಗಳಾಗಿ ಅದರಡಿ. 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಆ ವ್ಯಕ್ತಿಗೆ ಸಂಖ್ಯೆಯಿದ್ದರೆ ಅದನ್ನೂ ಪಕ್ಕದಲ್ಲಿ ಬರೆದಿಡುವುದು ಲಾಭಕರ.

ತಾರೀಕು ಸರಳವೆಂದು ಕಾಣುತ್ತದೆ, ಆದರೆ ಅತಿ ಹೆಚ್ಚು ಸುಳ್ಳು ಹೇಳುವ ಖಾನೆ ಅದೇ. ಕ್ಯಾಮೆರಾ ಫೈಲಿನೊಳಗೆ ಬರೆಯುವ ಎಕ್ಸಿಫ್ ವಿವರದಲ್ಲಿ ಚಿತ್ರ ತೆಗೆದ ಸಮಯ ಇರುತ್ತದೆ. ಹಳೆಯ ಫೋಟೊ ಸ್ಕ್ಯಾನ್ ಮಾಡಿದರೆ ಅಲ್ಲಿ ಕೂರುವುದು ಸ್ಕ್ಯಾನ್ ಮಾಡಿದ ದಿನ. ಅಜ್ಜನ ಮದುವೆ 2015ರಲ್ಲಿ ಆದಂತಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಬಂದ ಫೋಟೊದಲ್ಲಿ ಎಕ್ಸಿಫ್ ಅಳಿಸಿಹೋಗಿ, ಫೈಲಿನ ಹೆಸರಿನಲ್ಲಿ ಬಂದು ತಲುಪಿದ ತಾರೀಕು ಮಾತ್ರ ಉಳಿಯುತ್ತದೆ. '1978ರ ಸುಮಾರು' ಎಂಬುದನ್ನು ಜನವರಿ 1, 1978 ಎಂದು ತುಂಬುವುದಕ್ಕಿಂತ ಸಂದೇಹವನ್ನೇ ದಾಖಲಿಸುವುದು ಮೇಲು. ಅದಕ್ಕೆಂದೇ ಇರುವ ಬರವಣಿಗೆಯ ಕ್ರಮ 2019ರಲ್ಲಿ ಐಎಸ್ಒ ಮಾನಕದ ಭಾಗವಾಗಿದೆ. ಸಂವತ್ಸರ, ಮಾಸ, ತಿಥಿ ಬರೆದ ಹಳೆಯ ಪತ್ರಗಳಲ್ಲಿ ಆ ಒಕ್ಕಣೆಯನ್ನು ಇದ್ದಂತೆ ಒಂದು ಖಾನೆಯಲ್ಲಿಟ್ಟು, ಇಸವಿಯ ಅಂದಾಜನ್ನು ಇನ್ನೊಂದರಲ್ಲಿ ಬರೆಯಬೇಕು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಅಂದಾಜು ಎರಡು ತಲೆಮಾರು ತಪ್ಪುವ ಸಾಧ್ಯತೆಯಿದೆ.

ಖಾನೆಗಳು ಎಷ್ಟಿರಬೇಕು? 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಪಟ್ಟಣದಲ್ಲಿ ಸೇರಿದ ಕಾರ್ಯಾಗಾರದಿಂದ ಬೆಳೆದ ಡಬ್ಲಿನ್ ಕೋರ್ ಮಾನಕ ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಹಕ್ಕು ಮುಂತಾಗಿ 15 ಅಂಶಗಳಲ್ಲಿ ನಿಲ್ಲುತ್ತದೆ. ಮನೆಯ ಸಂಗ್ರಹಕ್ಕೆ ಅದೂ ಹೆಚ್ಚಾಗಬಹುದು. ನಲವತ್ತು ಖಾನೆಗಳ ನಮೂನೆ ಸಿದ್ಧಮಾಡಿ ಮೊದಲ ನೂರು ವಸ್ತುಗಳಲ್ಲೇ ಸುಸ್ತಾಗುವವರೇ ಹೆಚ್ಚು. ಯಾರು, ಎಲ್ಲಿ, ಯಾವಾಗ, ಏನು ಎಂಬ ನಾಲ್ಕನ್ನು ಎಲ್ಲದಕ್ಕೂ ತುಂಬುವುದು ಎಷ್ಟೋ ವಾಸಿ.

ಫೈಲುಗಳು ಮತ್ತು ತಂತ್ರಾಂಶ

ಫೈಲನ್ನೇ ಡೇಟಾಬೇಸಿನೊಳಗೆ ತುರುಕಬೇಕೆ ಎಂಬ ಚರ್ಚೆ ಹಳೆಯದು. ಜಿಮ್ ಗ್ರೇ ಮತ್ತು ಸಂಗಡಿಗರು 2006ರಲ್ಲಿ ನಡೆಸಿದ ಅಳತೆಯಲ್ಲಿ 256 ಕಿಲೊಬೈಟಿಗಿಂತ ಚಿಕ್ಕವು ಡೇಟಾಬೇಸಿನಲ್ಲಿ, ಒಂದು ಮೆಗಾಬೈಟಿಗಿಂತ ದೊಡ್ಡವು ಡಿಸ್ಕಿನಲ್ಲಿ ಇದ್ದರೆ ಒಳಿತೆಂದು ಕಂಡಿತು. ಫೋಟೊ, ಹಾಡು, ವಿಡಿಯೊ ಎಲ್ಲ ಎರಡನೆಯ ಗುಂಪಿನವು. ಪ್ರತಿ ಫೈಲಿನ ಎಸ್‌ಎಚ್‌ಎ-256 ಎಂಬ ಬೆರಳಚ್ಚಿನಂಥ ಮುದ್ರೆಯನ್ನು ಲೆಕ್ಕಹಾಕಿ ದಾಖಲೆಯಲ್ಲಿ ಇಟ್ಟರೆ ಎರಡು ಕೆಲಸ ಆಗುತ್ತದೆ. ಹೆಸರು ಬೇರೆಯಿದ್ದರೂ ಒಂದೇ ಆಗಿರುವ ನಕಲುಗಳು ಸಿಕ್ಕಿಬೀಳುತ್ತವೆ, ಡಿಸ್ಕ್ ಹಾಳಾಗಿ ಒಂದು ಬಿಟ್ ಬದಲಾದರೂ ಗೊತ್ತಾಗುತ್ತದೆ.

ಎಲ್ಲವನ್ನೂ ಸ್ವತಃ ಬರೆಯಬೇಕಾಗಿಲ್ಲ. ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ ಕ್ಯಾಲಿಬರ್ ಇ-ಪುಸ್ತಕಗಳಿಗೆ ಸಾಕು. ಎಸ್‌ಕ್ಯೂಲೈಟ್ ಆಧಾರದ ಅದರೊಳಗೇ ಪುಟ್ಟ ಸರ್ವರೂ ಇದೆ. ಫೋಟೊಗಳಿಗೆ ಪಿವಿಗೊ, ಇಮ್ಮಿಚ್ ಇವೆ. ಹಲವು ಬಗೆಯ ವಸ್ತುಗಳು ಬೆರೆತ ಸಂಗ್ರಹಕ್ಕೆ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಿಂದ 2008ರಲ್ಲಿ ಬಂದ ಒಮೆಕಾ ಸೂಕ್ತ, ಡಬ್ಲಿನ್ ಕೋರ್ ಅದರಲ್ಲಿ ಬೆರೆತೇ ಬರುತ್ತದೆ. ಸ್ವಂತ ತಾಣ ಬರೆಯುವವರು ಹುಡುಕುಪೆಟ್ಟಿಗೆಯಲ್ಲಿ ಬಂದ ಪದವನ್ನು ನೇರವಾಗಿ ಎಸ್‌ಕ್ಯೂಎಲ್ ವಾಕ್ಯದೊಳಗೆ ಅಂಟಿಸಬಾರದು. ಅದರಿಂದ ಡೇಟಾಬೇಸನ್ನೇ ಲೂಟಿಮಾಡುವ ದಾಳಿ 1998ರಿಂದಲೂ ತಿಳಿದಿರುವಂಥದ್ದು. ಮನೆಯವರಿಗಷ್ಟೇ ಬೇಕಾದ ಸಂಗ್ರಹವನ್ನು ಮನೆಯ ನೆಟ್‌ವರ್ಕಿನಿಂದ ಹೊರಗೆ ತೆರೆಯದಿರುವುದು ಎಲ್ಲಕ್ಕಿಂತ ಸುಲಭದ ರಕ್ಷಣೆ.

ಕನ್ನಡದ ತೊಡಕುಗಳು

ಕನ್ನಡದ ವಿವರಗಳನ್ನು ತುಂಬಿದ ಡೇಟಾಬೇಸಿನಲ್ಲಿ ಇದ್ದದ್ದು ಸಿಗದೆ ಹೋಗುವ ಕಾರಣಗಳು ಬೇರೆಯೇ. ಯೂನಿಕೋಡಿನಲ್ಲಿ 'ಕೋ' ಎಂಬುದನ್ನು ಕ ಮತ್ತು ಓಕಾರದ ಚಿಹ್ನೆಯಾಗಿಯೂ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆಗಳನ್ನು ಬಿಡಿಬಿಡಿಯಾಗಿ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಎರಡೂ ಬೇರೆ. ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ಪಠ್ಯವನ್ನು ತಿರುಗಿಸಿಯೇ ಒಳಗಿಡುವುದು, ಹುಡುಕುವ ಪದವನ್ನೂ ಹಾಗೆಯೇ ತಿರುಗಿಸುವುದು ಇದಕ್ಕೆ ಪರಿಹಾರ. 'ಸೂರ್ಯ' ಮತ್ತು 'ಸೂರ‍್ಯ' ಎಂಬ ಎರಡು ರೂಪಗಳ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಅಡಗಿ ಕೂತಿರುತ್ತದೆ. ತೋರಿಸುವ ಪಠ್ಯದಲ್ಲಿ ಅದು ಇರಲಿ, ಹುಡುಕುವುದಕ್ಕೆಂದು ಇಟ್ಟ ಖಾನೆಯಲ್ಲಿ ಅದನ್ನು ಕಿತ್ತುಹಾಕಬೇಕು.

1990ರ ದಶಕದಲ್ಲಿ ಮತ್ತು ಅದರ ಮುಂದೆಯೂ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪಾದ ಕಡತಗಳು ಇನ್ನೂ ದೊಡ್ಡ ಸಮಸ್ಯೆ. ಆಗಿನ ನುಡಿ, ಬರಹ ತಂತ್ರಾಂಶಗಳ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳು ಕೂತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅವನ್ನು ಯೂನಿಕೋಡಿಗೆ ಪರಿವರ್ತಿಸದೆ ಡೇಟಾಬೇಸಿಗೆ ಸೇರಿಸಿದರೆ ಸೇರಿಸಿದಂತಾಗುವುದಿಲ್ಲ. ಮೂಲ ಕಡತವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು, ಪರಿವರ್ತಕಗಳು ಒತ್ತಕ್ಷರಗಳಲ್ಲಿ ಎಡವುವುದುಂಟು.

ವಿಭಕ್ತಿಯ ಕಾಟ ಬೇರೆ. 'ಮನೆ' ಎಂದು ಹುಡುಕಿದವರಿಗೆ ಮನೆಯಲ್ಲಿ, ಮನೆಗೆ, ಮನೆಯವರು ಸಿಗಬೇಕೆಂದರೆ ಇಡೀ ಪದ ಹೊಂದಿಸುವ ಹುಡುಕಾಟ ಸಾಲದು. ಪದದ ಆರಂಭವನ್ನು ಅಥವಾ ಮೂರುಮೂರು ಅಕ್ಷರಗಳ ತುಣುಕುಗಳನ್ನು ಹೊಂದಿಸುವ ವಿಧಾನ ಬೇಕು. ಸ್ವರಚಿಹ್ನೆಗಳನ್ನು ಅಕ್ಷರವೆಂದು ಒಪ್ಪದೆ ಪದವನ್ನು ನಡುವೆಯೇ ಕತ್ತರಿಸುವ ಹುಡುಕುಯಂತ್ರಗಳೂ ಇವೆ, ಮೊದಲೇ ಪರೀಕ್ಷಿಸಿ ನೋಡಬೇಕು. ಫೈಲಿನ ಹೆಸರನ್ನು ಕನ್ನಡದಲ್ಲಿ ಇಡುವವರಿಗೂ ಒಂದು ಮಿತಿಯಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಹಿಡಿಯುತ್ತದೆ. 'ಲಕ್ಷ್ಮೀಶ' ಎಂಬ ಮೂರೇ ಅಕ್ಷರದ ಹೆಸರಿನಲ್ಲಿ ಎಂಟು ಸಂಕೇತಗಳು, ಅಂದರೆ 24 ಬೈಟ್. ಲಿನಕ್ಸಿನಲ್ಲಿ ಫೈಲಿನ ಹೆಸರಿಗೆ 255 ಬೈಟಿನ ಮಿತಿ ಇರುವುದರಿಂದ 85 ಸಂಕೇತಗಳಿಗೆ ಕತೆ ಮುಗಿಯುತ್ತದೆ. ಫೈಲಿಗೆ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು ಕನ್ನಡವನ್ನು ಡೇಟಾಬೇಸಿನಲ್ಲಿ ಬರೆಯಬೇಕೆನ್ನಲು ಇದೂ ಒಂದು ಕಾರಣ.

ನಷ್ಟ ಮತ್ತು ಉಳಿವು

ಬೇರೆಯವರ ತಾಣದಲ್ಲಿ ಸಂಗ್ರಹ ಇಟ್ಟವರು ಕಳೆದುಕೊಂಡ ಉದಾಹರಣೆಗಳು ಸಾಕಷ್ಟಿವೆ. ಮ್ಯಾಗ್ನೋಲಿಯಾ ಎಂಬ ಬುಕ್‌ಮಾರ್ಕ್ ಸೇವೆಯ ಸುಮಾರು ಅರ್ಧ ಟೆರಾಬೈಟಿನ ಡೇಟಾಬೇಸ್ 2009ರ ಜನವರಿ ಕೊನೆಯಲ್ಲಿ ಕೆಟ್ಟುಹೋಯಿತು. ಬ್ಯಾಕಪ್ ಇತ್ತು, ಆದರೆ ಕೆಟ್ಟ ಮಾಹಿತಿಯೇ ಅದರಲ್ಲೂ ನಕಲಾಗಿತ್ತು. ಸೇವೆ ಚೇತರಿಸಿಕೊಳ್ಳಲಿಲ್ಲ. 2016ಕ್ಕಿಂತ ಮೊದಲು ಮೈಸ್ಪೇಸ್‌ಗೆ ಏರಿಸಿದ್ದ ಹಾಡುಗಳು ಸರ್ವರ್ ಸ್ಥಳಾಂತರದಲ್ಲಿ ನಾಶವಾದದ್ದು 2019ರಲ್ಲಿ ಎಲ್ಲರಿಗೂ ತಿಳಿಯಿತು. ಸ್ವಂತ ತಾಣ ಇದಕ್ಕಿಂತ ಸುರಕ್ಷಿತವೇನಲ್ಲ. ಅಲ್ಲಿ ತಪ್ಪು ಮಾಡುವ ಕೈ ನಮ್ಮದಾಗಿರುತ್ತದೆ, ಅಷ್ಟೇ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರ ಇನ್ನೂ ಚಾಲ್ತಿಯಲ್ಲಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಮ್ಯಾಗ್ನೋಲಿಯಾ ಅದಕ್ಕೆ ಸೇರಿಸುವ ಷರತ್ತು, ಬ್ಯಾಕಪ್ಪಿನಿಂದ ಮರಳಿ ಕಟ್ಟಿ ನೋಡುವವರೆಗೆ ಅದನ್ನು ಬ್ಯಾಕಪ್ ಎಂದು ಕರೆಯಬಾರದು.

ಫೈಲುಗಳ ಬ್ಯಾಕಪ್ ಮಾಡಿ ಡೇಟಾಬೇಸನ್ನು ಮರೆಯುವುದೂ ಸಾಮಾನ್ಯ. ಸಂಖ್ಯೆಯ ಹೆಸರಿನ ಮೂವತ್ತು ಸಾವಿರ ಫೈಲುಗಳು ಉಳಿದು ವಿವರ ಹೋದರೆ, ಫೋಲ್ಡರುಗಳೇ ವಾಸಿಯಿದ್ದವು ಅನ್ನಿಸುತ್ತದೆ. ಆದ್ದರಿಂದ ಕೋಷ್ಟಕಗಳನ್ನು ಆಗಾಗ ಸಿಎಸ್‌ವಿ ರೂಪದಲ್ಲಿ ಹೊರತೆಗೆದು ಅದೇ ಡಿಸ್ಕಿನಲ್ಲಿ ಇಡಬೇಕು. ಅದು ಯಾವ ತಂತ್ರಾಂಶವನ್ನೂ ಬೇಡದ ಬರಿ ಪಠ್ಯ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶ ಸಂರಕ್ಷಣೆಗೆ ಒಪ್ಪಿರುವ ರೂಪಗಳಲ್ಲಿ ಸಿಎಸ್‌ವಿಯೂ ಎಸ್‌ಕ್ಯೂಲೈಟೂ ಇವೆ.

ಸಂಗ್ರಹವನ್ನು ಸಾರ್ವಜನಿಕಗೊಳಿಸುವಾಗ ಹಕ್ಕಿನ ಪ್ರಶ್ನೆ ಎದುರಾಗುತ್ತದೆ. 1957ರ ಭಾರತದ ಹಕ್ಕುಸ್ವಾಮ್ಯ ಕಾಯ್ದೆಯಂತೆ ಬರಹಗಾರರ ಹಕ್ಕು ಅವರ ಮರಣಾನಂತರ 60 ವರ್ಷ, ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಉಳಿಯುತ್ತದೆ. ಸ್ವಂತಕ್ಕೆ ಕೇಳುವುದು ಬೇರೆ, ಜಾಲದಲ್ಲಿ ಹಂಚುವುದು ಬೇರೆ. ಹೀಗಾಗಿ ಪ್ರತಿ ದಾಖಲೆಯಲ್ಲೂ ಹಕ್ಕಿನ ಖಾನೆಯೊಂದು ಇರಬೇಕು, ಅದರ ಪ್ರಕಾರ ತಾಣ ತಾನಾಗಿ ಕೆಲವನ್ನು ತೋರಿಸಿ ಕೆಲವನ್ನು ಮರೆಮಾಡಬೇಕು.

ವೈಯಕ್ತಿಕ ತಾಣಗಳು ಸಾಮಾನ್ಯವಾಗಿ ಕಟ್ಟಿದವರೊಂದಿಗೇ ಕೊನೆಗಾಣುತ್ತವೆ. ಡೊಮೇನಿನ ವಾರ್ಷಿಕ ಶುಲ್ಕ ಕಟ್ಟುವವರಿಲ್ಲದೆ, ಗುಪ್ತಪದ ತಿಳಿದವರಿಲ್ಲದೆ ನಿಂತುಹೋಗುತ್ತವೆ. ಸಂಗ್ರಹ ಎಲ್ಲಿದೆ, ಹೇಗೆ ತೆರೆಯಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಇನ್ನೊಬ್ಬರ ಕೈಯಲ್ಲಿ ಕೊಟ್ಟಿರಬೇಕು. ಹಕ್ಕಿನ ಅಡ್ಡಿಯಿಲ್ಲದ ಸಾರ್ವಜನಿಕ ಆಸಕ್ತಿಯ ವಸ್ತುಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ಅಥವಾ 2004ರಿಂದ ನಡೆಯುತ್ತಿರುವ ವಿಕಿಮೀಡಿಯಾ ಕಾಮನ್ಸ್‌ಗೆ ವಿವರಗಳ ಸಮೇತ ಸೇರಿಸಬಹುದು; ಎರಡರಲ್ಲೂ ಕನ್ನಡದಲ್ಲಿ ವಿವರಣೆ ಬರೆಯಲು ಅವಕಾಶವಿದೆ, ಶುಲ್ಕವಿಲ್ಲ.